ಕಾದಂಬರಿ ತಡವಾಗಿ ಬರುತ್ತಾಳೆ

ವಿಜಯನಗರದ ಮೆಟ್ರೊದಲ್ಲಿ ಈಗ ಹುಡುಗಿಯರ ಕೈಯಲ್ಲಿ ದಪ್ಪ ದಪ್ಪ ರೊಮ್ಯಾಂಟಸಿ ಪುಸ್ತಕಗಳು. ಶಾಪ, ಮರುಹುಟ್ಟು, ಅತಿಮಾನುಷ ಪ್ರೇಮಿ. ನಮಗಿದೇನೂ ಹೊಸದಲ್ಲ. 7ನೇ ಶತಮಾನದ ಬಾಣನ ಗದ್ಯವನ್ನು ಒಂದನೇ ನಾಗವರ್ಮ ಚಂಪುವಾಗಿಸಿದ ‘ಕರ್ಣಾಟಕ ಕಾದಂಬರಿ’ಯಲ್ಲಿ ಅಷ್ಟೂ ಸರಂಜಾಮು ಇದೆ.

ಓದುತ್ತ ಒಮ್ಮೊಮ್ಮೆ ರೇಗುತ್ತದೆ. ಶೂದ್ರಕನ ಆಸ್ಥಾನದಲ್ಲಿ ಗಿಳಿ ಕಥೆ ಶುರುಮಾಡುತ್ತದೆ. ಅದರೊಳಗೆ ಜಾಬಾಲಿ ಮುನಿ ಹೇಳುವ ಕಥೆ, ಅದರೊಳಗೆ ಮಹಾಶ್ವೇತೆಯದು. ನಾಯಕಿ ಕಾದಂಬರಿ ಮುಖ ತೋರಿಸುವಷ್ಟರಲ್ಲಿ ಬಹಳ ದಾರಿ ಸವೆದಿರುತ್ತದೆ. ಬಾಣ ವರ್ಣನೆಗೆ ಕೂತರೆ ಏಳುವವನಲ್ಲ. ನಾಗವರ್ಮ ಅದನ್ನು ಅಳತೆಗೆ ತಂದ, ಪುಣ್ಯ.

ಆದರೆ ಮಹಾಶ್ವೇತೆ! ಸತ್ತ ಪುಂಡರೀಕನಿಗಾಗಿ ಅಚ್ಛೋದ ಸರೋವರದ ದಡದಲ್ಲಿ ತಪಸ್ಸಿಗೆ ಕೂತವಳು, ತನ್ನನ್ನು ಬಯಸಿ ಬಂದ ವೈಶಂಪಾಯನನನ್ನು ಗಿಳಿಯಾಗೆಂದು ಶಪಿಸುತ್ತಾಳೆ. ಮರುಹುಟ್ಟಿದ ಪುಂಡರೀಕನೇ ಅವನು. ಆ ಒಂದು ತಿರುವಿಗಾಗಿ ಎಲ್ಲ ವರ್ಣನೆಯನ್ನೂ ಮನ್ನಿಸಬಹುದು.

ಮನ್ನಿಸಲಾಗದ್ದು ಪತ್ರಲೇಖೆಯ ವಿಷಯ. ಕಥಾನಾಯಕ ಚಂದ್ರಾಪೀಡನ ಬೆನ್ನಿಗೇ ಇದ್ದ ಈ ಸಖಿಯ ಮನಸ್ಸಿನಲ್ಲೇನಿತ್ತೆಂದು ಕವಿ ಕೇಳುವುದೇ ಇಲ್ಲ. ರವೀಂದ್ರನಾಥ ಠಾಕೂರರೂ ಕಾವ್ಯದ ಉಪೇಕ್ಷಿತೆಯರ ಸಾಲಿಗೆ ಇವಳನ್ನು ಸೇರಿಸಿದ್ದಾರೆ. ಬಾಣ ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಿದ ಅವನ ಮಗ, ಅವಳು ಚಂದ್ರನ ಮಡದಿ ರೋಹಿಣಿಯೆಂದು ಹೇಳಿ ಕೈತೊಳೆದುಕೊಂಡದ್ದು ನನಗಂತೂ ಒಪ್ಪಿಗೆಯಿಲ್ಲ.