ಕಣ್ಣೀರಿನ ಮೂರು ಪದರ: ಒಂದು ಚಿತ್ರದ ವಿಮರ್ಶೆ

ಕಣ್ಣಿನ ರಚನೆಯನ್ನು ವಿವರಿಸುವ ಪುಸ್ತಕಗಳಲ್ಲಿ ಕಣ್ಣೀರಿನ ಪೊರೆಯ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಮೇಲೆ ತೆಳ್ಳನೆಯ ಎಣ್ಣೆ, ನಡುವೆ ದಪ್ಪನೆಯ ನೀರು, ತಳದಲ್ಲಿ ಒಂದು ಗೆರೆಯಷ್ಟು ಲೋಳೆ. ಯೂಜೀನ್ ವುಲ್ಫ್ 1946ರಲ್ಲಿ ಮುಂದಿಟ್ಟ ಈ ಚಿತ್ರ ನೆನಪಿಡಲು ಸುಲಭ, ಪರೀಕ್ಷೆಯಲ್ಲಿ ಬರೆಯಲೂ ಸುಲಭ. ಅಷ್ಟೇ ಆಗಿದ್ದರೆ ತಕರಾರಿರಲಿಲ್ಲ. ಆದರೆ ಇದನ್ನು ನಂಬಿದ ವಿದ್ಯಾರ್ಥಿಗೆ ಒಣಕಣ್ಣು ಎಂದರೆ ನೀರಿನ ಕೊರತೆ, ಚಿಕಿತ್ಸೆ ಎಂದರೆ ನೀರು ತುಂಬುವುದು ಎಂದೇ ತೋರುತ್ತದೆ. ಕಣ್ಣಿನ ಮೇಲ್ಮೈಯ ಉರಿಯೂತಕ್ಕೂ ತಳದ ಆ ಗೆರೆಗೂ ಸಂಬಂಧವಿರಬಹುದೆಂದು ಅವನಿಗೆ ಹೊಳೆಯುವುದೇ ಇಲ್ಲ.

ಭೌತವಿಜ್ಞಾನದವನಾಗಿ ನನ್ನ ಮೊದಲ ಪ್ರಶ್ನೆ ದಪ್ಪವನ್ನು ಕುರಿತದ್ದು. 1992ರಲ್ಲಿ ಬೆಳಕಿನ ವ್ಯತಿಕರಣವನ್ನು ಬಳಸಿ ಅಳೆದವರು ಈ ಪೊರೆ ಸುಮಾರು 40 ಮೈಕ್ರೋಮೀಟರ್ ದಪ್ಪವಿದೆ, ಅದರಲ್ಲಿ ಬಹುಪಾಲು ಲೋಳೆಯೇ ಎಂದರು. 2000ದಲ್ಲಿ ಕಿಂಗ್-ಸ್ಮಿತ್ ಮತ್ತು ಸಂಗಡಿಗರು ಅದೇ ವ್ಯತಿಕರಣದಿಂದ ಪಡೆದ ಬೆಲೆ ಸುಮಾರು 3 ಮೈಕ್ರೋಮೀಟರ್! ವಿಧಾನ ಒಂದೇ ಬಗೆಯದು, ಉತ್ತರದಲ್ಲಿ ಹತ್ತು ಪಟ್ಟಿಗೂ ಮೀರಿದ ಅಂತರ. ಹಿಂದಿರುಗಿ ಬರುವ ಬೆಳಕು ಯಾವ ಎರಡು ಮೇಲ್ಮೈಗಳಿಂದ ಪ್ರತಿಫಲಿಸಿದ್ದು ಎಂಬುದನ್ನು ಅರ್ಥೈಸುವುದರಲ್ಲೇ ಎಲ್ಲ ಅಡಗಿದೆ. ಮುಂದೆ ಬಂದ ಓಸಿಟಿ ಮಾಪನಗಳು ಚಿಕ್ಕ ಸಂಖ್ಯೆಯ ಪರವಾಗಿಯೇ ನಿಂತಿವೆ. ಇಷ್ಟು ತೆಳುವಾದ ಪೊರೆಯಲ್ಲಿ ನೀರೂ ಲೋಳೆಯೂ ಬೇರೆ ಬೇರೆ ಪದರಗಳಾಗಿ ಕುಳಿತಿವೆ ಎನ್ನುವುದು ಕಷ್ಟ. 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಯ ವರದಿ ಎರಡೇ ಹಂತಗಳ ಚಿತ್ರವನ್ನು ಒಪ್ಪಿತು: ಮೇಲೆ ಎಣ್ಣೆ, ಅದರ ಕೆಳಗೆ ಲೋಳೆ ಕರಗಿ ಹರಡಿರುವ ಒಂದೇ ದ್ರವ.

ಇನ್ನು ತೇವಗೊಳ್ಳುವ ಪ್ರಶ್ನೆ. ಕೆಸುವಿನೆಲೆಯ ಮೇಲೆ ನೀರು ಮಣಿಯಾಗಿ ಉರುಳುತ್ತದೆ, ಗಾಜಿನ ಮೇಲೆ ಹರಡುತ್ತದೆ. ಸಂಪರ್ಕ ಕೋನದ ಪಾಠ ಮಾಡುವಾಗ ನಾವು ಕೊಡುವ ಉದಾಹರಣೆಗಳಿವು. ಕಾರ್ನಿಯಾದ ಮೇಲ್ಮೈ ಇವೆರಡರಲ್ಲಿ ಯಾವುದರಂತೆ? 1971ರಲ್ಲಿ ಹಾಲಿ ಮತ್ತು ಲೆಂಪ್ ಲೋಳೆಯನ್ನು ಒರೆಸಿ ತೆಗೆದು ಪರೀಕ್ಷಿಸಿದರು. ನೀರು ಹರಡಲಿಲ್ಲ. ಕಾರ್ನಿಯಾ ಸ್ವಭಾವತಃ ನೀರನ್ನು ಒಲ್ಲದು, ಮೇಲೆ ಬಳಿದ ಲೋಳೆಯೇ ಅದನ್ನು ತೇವಗೊಳಿಸುತ್ತದೆ ಎಂಬ ತೀರ್ಮಾನ ಪಠ್ಯಗಳಿಗೆ ಸೇರಿತು. 1986ರಲ್ಲಿ ಇನ್ನೊಂದು ತಂಡ ಇದನ್ನು ಮರುಪರಿಶೀಲಿಸಿತು. ಕೋಶಗಳಿಗೆ ಪೆಟ್ಟಾಗದಂತೆ ಲೋಳೆ ತೆಗೆದರೆ ಕಾರ್ನಿಯಾ ಚೆನ್ನಾಗಿಯೇ ಒದ್ದೆಯಾಗುತ್ತಿತ್ತು. ಅಂದರೆ, ಒರೆಸುವ ಕ್ರಿಯೆಯೇ ಅಳೆಯಬೇಕಾದ ಮೇಲ್ಮೈಯನ್ನು ಹಾಳುಮಾಡಿತ್ತು. ಪ್ರಯೋಗಶಾಲೆಯ ತರಗತಿಯಲ್ಲಿ ಈ ಕಥೆಯನ್ನು ಹೇಳಲೇಬೇಕು.

ಸ್ವಾರಸ್ಯವೆಂದರೆ, ಒರೆಸಿದಾಗ ಕಿತ್ತುಬಂದದ್ದರಲ್ಲಿ ಮ್ಯೂಸಿನ್ ಪ್ರೋಟೀನುಗಳೂ ಇದ್ದವು. ಇವುಗಳಲ್ಲಿ ಎರಡು ಬಗೆ. ಗಾಬ್ಲೆಟ್ ಕೋಶಗಳು ಸುರಿಸುವ ಮ್ಯೂಕ್-5ಎಸಿ ದ್ರವದಲ್ಲಿ ಸಂಚರಿಸಿ, ಧೂಳು ಕಸವನ್ನು ಹಿಡಿದು, ರೆಪ್ಪೆ ಬಡಿದಾಗ ಮೂಲೆಗೆ ತಳ್ಳಲ್ಪಡುತ್ತದೆ. ಮ್ಯೂಕ್-1, ಮ್ಯೂಕ್-4, ಮ್ಯೂಕ್-16 ಎಂಬವು ಹೊರಗಿನ ಕೋಶಗಳ ಪೊರೆಗೇ ಬೇರೂರಿ ಗರಿಕೆಯಂತೆ ನಿಂತಿರುತ್ತವೆ. ಇವುಗಳ ಮೈತುಂಬ ಸಕ್ಕರೆಯ ಸರಪಣಿಗಳು, ಹಲವು ಸರಪಣಿಗಳ ತುದಿಯಲ್ಲಿ ಋಣ ವಿದ್ಯುದಾವೇಶವಿರುವ ಸಯಾಲಿಕ್ ಆಮ್ಲ. ನೀರನ್ನು ಹಿಡಿದಿಡಲು, ರೆಪ್ಪೆಯ ಒಳಮೈ ಕಾರ್ನಿಯಾಕ್ಕೆ ಅಂಟದಂತೆ ವಿಕರ್ಷಿಸಲು ಇದು ಸಾಕು. ದ್ರವದಲ್ಲಿನ ಮ್ಯೂಸಿನ್ನಿನ ಇನ್ನೊಂದು ಗುಣ: ರೆಪ್ಪೆ ವೇಗವಾಗಿ ಸರಿದಾಗ ಸ್ನಿಗ್ಧತೆ ಕಡಿಮೆಯಾಗುತ್ತದೆ, ಕಣ್ಣು ತೆರೆದು ನಿಂತಾಗ ಹೆಚ್ಚುತ್ತದೆ. ನೀರಿಗೆ ಈ ಜಾಣತನವಿಲ್ಲ.

ಬೇರೂರಿದ ಮ್ಯೂಸಿನ್ನುಗಳು ಬೇಲಿಯೂ ಹೌದು. ರೋಸ್ ಬೆಂಗಾಲ್ ಎಂಬ ಕೆಂಪು ಬಣ್ಣವನ್ನು ಒಣಕಣ್ಣಿನ ಪರೀಕ್ಷೆಗೆ ವೈದ್ಯರು ಬಹುಕಾಲ ಬಳಸಿದರು. ಅದು ಸತ್ತ ಕೋಶಗಳಿಗೆ ಹತ್ತುತ್ತದೆಂದು ತಿಳಿಯಲಾಗಿತ್ತು. 1992ರ ಪ್ರಯೋಗಗಳು ಜೀವಂತ ಕೋಶಗಳಿಗೂ ಅದು ಹತ್ತುತ್ತದೆಂದು, ಮ್ಯೂಸಿನ್ನಿನಂಥ ಹೊದಿಕೆ ಇದ್ದಾಗ ತಡೆಯಲ್ಪಡುತ್ತದೆಂದು ತೋರಿಸಿದವು. ಹಾಗಾದರೆ ಕೆಂಪು ಚುಕ್ಕಿ ಸಾವಿನ ಗುರುತಲ್ಲ, ಬೇಲಿ ಮುರಿದ ಜಾಗದ ಗುರುತು. ಬೇಲಿ ಮುರಿದಲ್ಲಿ ಸೂಕ್ಷ್ಮಾಣುಗಳೂ ಉದ್ರೇಕಕಾರಿಗಳೂ ಒಳಬರುತ್ತವೆ. ನೀರು ಆವಿಯಾಗಿ ಲವಣದ ಸಾರತೆ ಏರಿದಾಗ ಕೋಶಗಳು ಉರಿಯೂತದ ಸಂಕೇತಗಳನ್ನು ಹೊರಡಿಸುತ್ತವೆ. ಆ ಸಂಕೇತಕ್ಕೆ ಬಂದ ಟಿ-ಕೋಶಗಳ ಇಂಟರ್‌ಫೆರಾನ್-ಗಾಮಾ ಗಾಬ್ಲೆಟ್ ಕೋಶಗಳನ್ನೇ ಕುಗ್ಗಿಸುತ್ತದೆ, ಲೋಳೆ ಇನ್ನಷ್ಟು ಇಳಿಯುತ್ತದೆ. ಒಣಕಣ್ಣಿನ ವ್ಯಾಖ್ಯೆಯಲ್ಲಿ ಉರಿಯೂತ ಎಂಬ ಪದ 2007ರಲ್ಲಿ ಸೇರಿದ್ದು ಸುಮ್ಮನೆ ಅಲ್ಲ.

ಆದರೂ ಈಚಿನ ಬರಹಗಳಲ್ಲಿ ಕಾಣುವ ‘ಮ್ಯೂಸಿನ್ ಇಳಿದರೆ ಉರಿಯೂತ, ಏರಿದರೆ ಗುಣ’ ಎಂಬ ಧಾಟಿಯನ್ನೂ ನಾನು ಒಪ್ಪಲಾರೆ. ಸ್ಪಿಡೆಫ್ ಎಂಬ ಜೀನ್ ಇಲ್ಲದ ಇಲಿಗಳಲ್ಲಿ ಕಣ್ಣಿನ ಗಾಬ್ಲೆಟ್ ಕೋಶಗಳೇ ಮೂಡುವುದಿಲ್ಲ, ಅಲ್ಲಿ ಉರಿಯೂತ ಸ್ಪಷ್ಟ. ಆದರೆ ಮ್ಯೂಕ್-5ಎಸಿ ಒಂದನ್ನೇ ತೆಗೆದ ಇಲಿಗಳ ವಿಷಯದಲ್ಲಿ ಪ್ರಯೋಗಾಲಯಗಳಿಗೆ ಒಮ್ಮತವಿಲ್ಲ. ಒಂದು ಕಡೆ ಕಣ್ಣು ಕೆಟ್ಟಿತು, ಇನ್ನೊಂದು ಕಡೆ ಹೇಳಿಕೊಳ್ಳುವಂಥ ತೊಂದರೆ ಕಾಣಲಿಲ್ಲ. ಗಾಬ್ಲೆಟ್ ಕೋಶ ಲೋಳೆಯ ಚೀಲ ಮಾತ್ರವಲ್ಲ ಎಂಬುದು ಇದರಿಂದ ಹೊರಡುವ ಊಹೆ. ರೋಗನಿರೋಧಕ ಕೋಶಗಳನ್ನು ಶಾಂತವಾಗಿಡುವ ಟಿಜಿಎಫ್-ಬೀಟಾವನ್ನೂ ಅದು ತಯಾರಿಸುತ್ತದೆ. ಅಲರ್ಜಿಯ ಕಣ್ಣನ್ನು ನೋಡಿ: ಅಲ್ಲಿ ಇಂಟರ್‌ಲ್ಯೂಕಿನ್-13ರ ಒತ್ತಾಯಕ್ಕೆ ಲೋಳೆ ದಾರದಂತೆ ಎಳೆಯಾಗಿ ಬರುತ್ತದೆ, ಉರಿಯೂತವೂ ಇರುತ್ತದೆ. ಪ್ರಮಾಣವೊಂದನ್ನೇ ಅಳೆದರೆ ಸಾಲದು.

ನಮ್ಮ ದೇಶಕ್ಕೆ ಹೆಚ್ಚು ಪರಿಚಿತವಾದ ಸಾಕ್ಷ್ಯ ಎ ಜೀವಸತ್ವದ ಕೊರತೆ. ಅದರಲ್ಲಿ ಗಾಬ್ಲೆಟ್ ಕೋಶಗಳು ಅಳಿದು ಕಣ್ಣಿನ ಬಿಳಿಭಾಗ ಚರ್ಮದಂತೆ ಒರಟಾಗುತ್ತದೆ, ಬಿಟೋ ಮಚ್ಚೆ ಮೂಡುತ್ತದೆ. ಭಾರತ 1970ರಲ್ಲೇ ಮಕ್ಕಳಿಗೆ ಈ ಜೀವಸತ್ವವನ್ನು ಹನಿಯಾಗಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಆ ಮಕ್ಕಳ ಕಣ್ಣಿಗೆ ಎಷ್ಟು ನೀರು ಹಾಕಿದ್ದರೂ ಪ್ರಯೋಜನವಿರಲಿಲ್ಲ.

ಅಧ್ಯಾಪಕರು ಹಲಗೆಯ ಮೇಲೆ ಮೂರು ಗೆರೆ ಎಳೆಯುವ ಬದಲು ಮೇಲೆ ಒಂದು ತೆಳುಗೆರೆ, ಕೆಳಗೆ ತಳಕ್ಕೆ ಹೋದಂತೆ ದಟ್ಟವಾಗುವ ಚುಕ್ಕಿಗಳು, ತಳದಲ್ಲಿ ಬೇರೂರಿದ ಗರಿಕೆ ಬರೆಯಬಹುದು. ಸೀಮೆಸುಣ್ಣ ಸ್ವಲ್ಪ ಹೆಚ್ಚು ಖರ್ಚಾದೀತು. ಹಾಗೆಯೇ ಮನೆಯಲ್ಲಿರುವ ಕಣ್ಣಿನ ಹನಿಯ ಬಾಟಲಿಗಳ ಸಣ್ಣಕ್ಷರಗಳನ್ನು ವಿದ್ಯಾರ್ಥಿಗಳಿಂದ ಓದಿಸಿ. ಹಲವು ಬಾಟಲಿಗಳಲ್ಲಿ ಬೆನ್ಜಾಲ್ಕೋನಿಯಮ್ ಕ್ಲೋರೈಡ್ ಎಂಬ ಸಂರಕ್ಷಕ ಇರುತ್ತದೆ. ಅದು ಧನ ಆವೇಶದ ಮಾರ್ಜಕ. ಋಣ ಆವೇಶದ ಸಕ್ಕರೆ ಸರಪಣಿಗಳ ಮೇಲೆ ಅದು ದಿನಕ್ಕೆ ಹಲವು ಬಾರಿ ಬಿದ್ದರೆ ಏನಾದೀತೆಂದು ಕೇಳಿ. ದೀರ್ಘಕಾಲದ ಬಳಕೆಯಲ್ಲಿ ಗಾಬ್ಲೆಟ್ ಕೋಶಗಳ ಸಂಖ್ಯೆ ಇಳಿಯುವುದು ವರದಿಯಾಗಿದೆ. ಸಂರಕ್ಷಕವಿಲ್ಲದ ಹನಿಗಳೂ ದೊರೆಯುತ್ತವೆ, ಬೆಲೆ ಹೆಚ್ಚು. ವೈದ್ಯರು ಬರೆದುಕೊಟ್ಟ ಹನಿಯನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬಾರದು.