ಹಳೆಯ ಅಚ್ಚಿಗೆ ಹೊಸ ಎಳೆ

ಇಚಲಕರಂಜಿಯ ಒಂದು ನೇಯ್ಗೆ ಕಾರಖಾನೆಯ ಆಫೀಸಿನಲ್ಲಿ ಒಂದು ಮಂಚ ಹಾಕಿದರೆ ಮುಗಿಯಿತು, ನಿಲ್ಲಲು ಜಾಗವಿರುವುದಿಲ್ಲ. ಗೋಡೆಯಾಚೆ ಇಪ್ಪತ್ನಾಲ್ಕು ಮಗ್ಗಗಳು ಒಟ್ಟಿಗೆ ಬಡಿಯುತ್ತಿರುತ್ತವೆ. ಬಾಗಿಲು ಹಾಕಿಕೊಂಡರೆ ಮಾತು ಕೇಳಿಸುತ್ತದೆ, ಆದರೆ ಕಪ್ಪಿನೊಳಗಿನ ಚಹಾ ನಡುಗುವುದು ನಿಲ್ಲುವುದಿಲ್ಲ. ಕಾರಖಾನೆಯ ಕಾಕಾ ಮೊಬೈಲಿನಲ್ಲಿ, ನೂಲಿನ ಲೆಕ್ಕಕ್ಕೆಂದು ನಾನು ಮಾಡಿಕೊಟ್ಟ ಪುಟ ತೆರೆದು ಎಳೆ 4,800, ಕೌಂಟು 40, ಉದ್ದ 1,000 ಮೀಟರ್ ಎಂದು ತುಂಬಿ ಗುಂಡಿ ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಚಹಾ ಮುಗಿಯಿತು, ಚಕ್ರ ತಿರುಗುತ್ತಲೇ ಇತ್ತು.

‘ಯಾಕ ತಮ್ಮಾ, ನಿನ್ನ ಪುಟದಾಗ ಎಳಿ ಹರದೈತೇನು?’ ಅಂದರು ಕಾಕಾ.

ಅವರದು ಮನೆಯಲ್ಲಿ ಕನ್ನಡ, ಮಗ್ಗದ ಮುಂದೆ ಮರಾಠಿ. ಈ ಊರಿಗೆ ಮೊದಲ ಯಂತ್ರಮಗ್ಗವನ್ನು ವಿಠ್ಠಲರಾವ್ ದಾತಾರ್ ತಂದದ್ದು 1904ರಲ್ಲಿ. ಅಲ್ಲಿಂದೀಚೆಗೆ ಇಲ್ಲಿ ಬಟ್ಟೆಗಿಂತ ಮೊದಲು ನೇಯುವುದು ಲೆಕ್ಕವನ್ನು. ಬೀಮಿಗೆ ಎಷ್ಟು ನೂಲು ಬೇಕು, ಹೊಕ್ಕಿಗೆ ಎಷ್ಟು, ಸೈಜಿಂಗಿಗೆ ಏನು ಹೇಳಿ ಕಳಿಸಬೇಕು ಎಂಬುದೆಲ್ಲ ಸರಿಯಾದ ಮೇಲೆಯೇ ಮುಂದಿನ ಮಾತು. ಕಾಕಾ ಈ ಲೆಕ್ಕವನ್ನು ಇಪ್ಪತ್ತೈದು ವರ್ಷದಿಂದ ಒಂದು ಕಪ್ಪು ಪರದೆಯ ಪ್ರೋಗ್ರಾಂನಲ್ಲಿ ಮಾಡುತ್ತಿದ್ದರು. ಮಗ ಪಾಲಿಟೆಕ್ನಿಕ್ಕಿನಲ್ಲಿ ಓದುವಾಗ ಟರ್ಬೊ ಸಿಯಲ್ಲಿ ಬರೆದುಕೊಟ್ಟದ್ದು ಅದು. ಮಗ ಈಗ ಪುಣೆಯಲ್ಲಿದ್ದಾನೆ. ಹಳೆಯ ಕಂಪ್ಯೂಟರು ಸತ್ತಿದೆ, ಹೊಸದರ 64 ಬಿಟ್ಟಿನ ವಿಂಡೋಸ್ ಆ ಕಾಲದ 16 ಬಿಟ್ಟಿನ ಪ್ರೋಗ್ರಾಂ ಅನ್ನು ಹೊಸ್ತಿಲೊಳಗೂ ಬಿಟ್ಟುಕೊಳ್ಳುವುದಿಲ್ಲ. ಅದೃಷ್ಟಕ್ಕೆ ಮೂಲ ಬರಹ ಒಂದು ಸಿಡಿಯಲ್ಲಿ ಉಳಿದಿತ್ತು.

ಲೆಕ್ಕ ದೊಡ್ಡದೇನಲ್ಲ. ಹತ್ತಿ ನೂಲಿನ ಕೌಂಟು ಎಂದರೆ ಒಂದು ಪೌಂಡಿನಲ್ಲಿ 840 ಗಜದ ಲಡಿ ಎಷ್ಟು ಇವೆ ಎಂಬುದು. ನಲವತ್ತರ ನೂಲು ಒಂದು ಕಿಲೋ ತೆಗೆದುಕೊಂಡರೆ ಸುಮಾರು 67.7 ಕಿಲೋಮೀಟರ್ ಉದ್ದ; ಇಚಲಕರಂಜಿಯಿಂದ ಕೊಲ್ಲಾಪುರಕ್ಕೆ ಎಳೆದುಕೊಂಡು ಹೋಗಿ ಮರಳಿ ತಂದರೂ ಕೈಯಲ್ಲಿ ಮಿಗುತ್ತದೆ. 4,800 ಎಳೆ, 1,000 ಮೀಟರ್ ಎಂದರೆ ಹಾಸಿಗೆ ಹೆಚ್ಚುಕಡಿಮೆ 71 ಕಿಲೋ. ಪುಟದಲ್ಲೇ ನಾಲ್ಕು ಸಾಲು ಬರೆದರೆ ಅರ್ಧ ಗಂಟೆಯ ಕೆಲಸ. ‘ಮತ್ತೆ ಹಳೆಯದನ್ನು ಯಾಕೆ ಹೊತ್ತುಕೊಂಡು ತಿರುಗುತ್ತೀರಿ?’ ಎಂದು ನನ್ನ ಶಿಷ್ಯನೊಬ್ಬ ಕೇಳಿದ.

ಮೂಲ ಬರಹವನ್ನು ಓದಿದ್ದರೆ ಅವನು ಕೇಳುತ್ತಿರಲಿಲ್ಲ. ಅರವತ್ತರ ಮೇಲಿನ ಕೌಂಟಿಗೆ ಅರ್ಧ ಶೇಕಡ ಹೆಚ್ಚು ನಷ್ಟ ಹಿಡಿಯುವ ಒಂದು ಸಾಲು ಅದರಲ್ಲಿದೆ. ಯಾವ ಪಠ್ಯಪುಸ್ತಕದ ಸೂತ್ರದಲ್ಲೂ ನಾನು ಅದನ್ನು ಕಂಡಿಲ್ಲ. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಟಿಪ್ಪಣಿ: ‘ಅಪ್ಪ ಹೇಳಿದ್ದು’. ಇನ್ನೊಂದು ಕಡೆ ಗುಣಾಕಾರದ ಮುಂದೆ ‘ಲಾಂಗ್’ ಎಂದು ಮಗ ಕೈಯಾರೆ ಸೇರಿಸಿದ್ದಾನೆ. ಟರ್ಬೊ ಸಿಯಲ್ಲಿ ಮಾಮೂಲಿ ಪೂರ್ಣಾಂಕ 32,767ರ ಆಚೆ ಹೋಗಲಾರದು. ಆ ಪದ ಇಲ್ಲದಿದ್ದರೆ 4,800ನ್ನು 1,000ದಿಂದ ಗುಣಿಸಿದ ಉತ್ತರ 15,872 ಎಂದು ಬರುತ್ತದೆ, ಹಾಸು ಪೂರಾ ಕಾಲು ಕಿಲೋ ನೂಲಿನಲ್ಲಿ ಮುಗಿದುಹೋಗುತ್ತದೆ! ಹುಡುಗ ಒಮ್ಮೆ ಈ ಹೊಂಡದಲ್ಲಿ ಬಿದ್ದು ಎದ್ದಿರಬೇಕು. ಇಂಥ ಪ್ರೋಗ್ರಾಂ ಅನ್ನು ಹೊಸದಾಗಿ ಬರೆಯುವವನು ಅದೇ ಹೊಂಡಗಳಲ್ಲಿ ಮತ್ತೆ ಬೀಳುತ್ತಾನೆ, ಮೇಲೆ ಅಪ್ಪ ಹೇಳಿದ್ದನ್ನು ಮರೆಯುತ್ತಾನೆ.

ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಅಚ್ಚು ಕೆಚ್ಚುವುದು ಗೊತ್ತಿರುತ್ತದೆ. ಹಾಸು ಮುಗಿಯುತ್ತ ಬಂದಾಗ ಅಚ್ಚಿನಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಸಾವಿರಾರು ಎಳೆಗಳನ್ನು ಮತ್ತೆ ಅಚ್ಚಿಗೆ ಪೋಣಿಸುವ ಗೋಜಿಲ್ಲ. ವೆಬ್ ಪುಟದಿಂದ ಹಳೆಯ ಆಜ್ಞೆಯೊಂದನ್ನು, ಅಂದರೆ ಇಂಥ ಪ್ರೋಗ್ರಾಂ ಅನ್ನು, ಓಡಿಸುವುದು ನನ್ನ ಮಟ್ಟಿಗೆ ಅದೇ ಕೆಲಸ, ನನ್ನ ಹಳೆಯ ಚಟ. ಪುಟ ತೆಳ್ಳಗಿರಬೇಕು, ಹಿಂದಿನ ಆಜ್ಞೆ ಗಟ್ಟಿಯಾಗಿರಬೇಕು. ರುಚಿ ನೋಡಬೇಕಾದದ್ದು ಇವೆರಡೂ ಕೂಡುವ ಗಂಟಿನಲ್ಲಿ.

ಆ ದಿನ ಗಂಟು ಬಿಗಿದುಕೊಂಡದ್ದು ಎಲ್ಲಿ ಎಂದರೆ, ಟರ್ಬೊ ಸಿಯ ಕಾಲದ ಬಹುತೇಕ ಪ್ರತಿಯೊಂದು ಪ್ರೋಗ್ರಾಂನ ಕೊನೆಗೂ ‘ಗೆಟ್‌ಸಿಎಚ್’ ಎಂಬ ಸಾಲಿರುತ್ತಿತ್ತು. ಉತ್ತರ ಕಣ್ಣಿಗೆ ಬೀಳುವ ಮೊದಲೇ ಪರದೆ ಮಾಯವಾಗದಿರಲಿ, ಯಾವುದಾದರೊಂದು ಕೀಲಿ ಒತ್ತುವವರೆಗೆ ನಿಲ್ಲು ಎಂದು ಅದರ ಅರ್ಥ. ಲಿನಕ್ಸಿನ ಜಿಸಿಸಿಯಲ್ಲಿ ಕಂಪೈಲ್ ಮಾಡಲು ನಾನು ಪರದೆ ಒರೆಸುವ, ಬಣ್ಣ ಬಳಿಯುವ ಸಾಲುಗಳನ್ನೆಲ್ಲ ಕಿತ್ತಿದ್ದೆ. ಇದನ್ನು ಮಾತ್ರ ‘ಗೆಟ್‌ಚಾರ್’ ಎಂದು ಬದಲಿಸಿ ಮುಂದೆ ಹೋಗಿದ್ದೆ. ಮೇಜಿನ ಕೆಳಗಿನ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಪ್ರೋಗ್ರಾಂ ಲೆಕ್ಕ ಮುಗಿಸಿ, ಯಾರಾದರೂ ಕೀಲಿ ಒತ್ತಲಿ ಎಂದು ಕಾಯುತ್ತ ಕುಳಿತಿತ್ತು. ಪುಟದ ಮೂಲಕ ಓಡುವ ಪ್ರೋಗ್ರಾಂಗೆ ಕೀಲಿಮಣೆಯೇ ಇಲ್ಲ, ಒತ್ತುವವರಾರು? ಪುಟವೋ ಪ್ರೋಗ್ರಾಂ ಮುಗಿಯಲಿ ಎಂದು ಕಾಯುತ್ತಿತ್ತು. ‘ನೀವು ಮೊದಲು, ನೀವು ಮೊದಲು’ ಎಂದು ಬಾಗಿಲಲ್ಲೇ ನಿಂತ ಬೀಗರ ಹಾಗೆ. ಅಂಕಿಗಳನ್ನು ಕಳಿಸಿದ ಮೇಲೆ ಪೈಪಿನ ಈಚೆ ಬಾಯನ್ನು ಮುಚ್ಚಿದ್ದರೆ ‘ಇನ್ನೇನೂ ಬರುವುದಿಲ್ಲ’ ಎಂದು ತಿಳಿದು ಪ್ರೋಗ್ರಾಂ ತಾನೇ ಎದ್ದು ಹೋಗುತ್ತಿತ್ತು. ಮುಚ್ಚುವುದನ್ನು ನಾನು ಮರೆತಿದ್ದೆ.

ಪೈಪು ಎಂದೆನಲ್ಲ, ಆ ಮಾತು ಇಂದಿನದಲ್ಲ. ತೋಟಕ್ಕೆ ನೀರು ಬಿಡುವ ಪೈಪುಗಳ ಹಾಗೆ ಪ್ರೋಗ್ರಾಂಗಳನ್ನೂ ಒಂದಕ್ಕೊಂದು ಸಿಕ್ಕಿಸುವಂತಿರಬೇಕು ಎಂದು ಬೆಲ್ ಲ್ಯಾಬ್ಸಿನ ಡಗ್ಲಸ್ ಮ್ಯಾಕಿಲ್‌ರಾಯ್ 1964ರಲ್ಲೇ ಬರೆದಿಟ್ಟಿದ್ದರು. ಯೂನಿಕ್ಸಿಗೆ ಪೈಪು ಬಂದದ್ದು 1973ರಲ್ಲಿ. ಇಂದಿಗೂ ಒಂದು ಪುಟ ಇನ್ನೊಂದು ಆಜ್ಞೆಯ ಜೊತೆ ಮಾತಾಡುವುದು ಆ ಮೂರೇ ಬಾಯಿಗಳಲ್ಲಿ: ಒಳಗೆ ಹೋಗುವುದು, ಹೊರಗೆ ಬರುವುದು, ತಕರಾರು ಬರುವುದು. ಕೊನೆಗೆ, ಕೆಲಸ ಹೇಗಾಯಿತು ಎಂದು ಹೇಳುವ ಒಂದು ಅಂಕಿ. ಶಾಲೆಯಲ್ಲಿ ಸೊನ್ನೆ ಬಂದರೆ ಅಪ್ಪನನ್ನು ಕರೆಸುತ್ತಿದ್ದರು. ಇಲ್ಲಿ ಸೊನ್ನೆ ಬಂದರೇ ಪಾಸು.

ನಾನು ಬರೆದಂಥ ಪಿಎಚ್‌ಪಿ ಪುಟಕ್ಕೆ ಮೂವತ್ತು ಸೆಕೆಂಡಿನ ಗಡುವು ಇರುತ್ತದಲ್ಲ, ಚಕ್ರ ಅಷ್ಟು ಹೊತ್ತು ಹೇಗೆ ತಿರುಗಿತು ಎಂದು ಬಲ್ಲವರು ಕೇಳಬಹುದು. ಲಿನಕ್ಸಿನಲ್ಲಿ ಹೊರಗಿನ ಆಜ್ಞೆಗಾಗಿ ಕಾದ ಹೊತ್ತು ಆ ಗಡುವಿನ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ನಾನು ಈಗ ಯಾವ ಆಜ್ಞೆಯನ್ನೂ ಒಂಟಿಯಾಗಿ ಕಳಿಸುವುದಿಲ್ಲ. ಮುಂದೆ ‘ಟೈಮ್‌ಔಟ್’ ಎಂಬ ಪುಟ್ಟ ಆಜ್ಞೆಯನ್ನು ಕಾವಲಿಗೆ ಹಚ್ಚುತ್ತೇನೆ. ಹೇಳಿದಷ್ಟು ಸೆಕೆಂಡು ಮೀರಿದರೆ ಅದು ಒಳಗಿನವನನ್ನು ನಿಲ್ಲಿಸಿ 124 ಎಂಬ ಅಂಕಿ ತಂದು ಕೊಡುತ್ತದೆ. ಪುಟದಲ್ಲಿ ‘ಮತ್ತೆ ಪ್ರಯತ್ನಿಸಿ’ ಎಂದು ತೋರಿಸಿದರಾಯಿತು.

ಕೊಲ್ಲಾಪುರದ ಗೆಳೆಯನೊಬ್ಬನ ಚಟ ಬೇರೆ, ಪುಟಗಳನ್ನೇ ಕಂಪೈಲ್ ಮಾಡುವುದು. ರಾಜಾರಾಮಪುರಿಯ ಒಂದು ಗಲ್ಲಿಯಲ್ಲಿ ಅವನ ಕ್ಲಾಸು. ಜಾವಾದ ಜೆಎಸ್‌ಪಿ ಪುಟ ನೋಡಲು ಎಚ್‌ಟಿಎಂಎಲ್ ಹಾಗೆ ಕಂಡರೂ, ಮೊದಲ ಗಿರಾಕಿ ಬಂದಾಗ ಟಾಮ್‌ಕ್ಯಾಟ್ ಅದನ್ನು ಜಾವಾ ಬರಹವಾಗಿ ತಿರುಗಿಸಿ, ಕಂಪೈಲ್ ಮಾಡಿ, ಆಮೇಲೆ ಬಡಿಸುತ್ತದೆ. ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್ ಪುಟದ್ದೂ ಇದೇ ಪಾಡು. ಎರಡನೆಯವನಿಗೆ ತಡವಿಲ್ಲ, ಬೋಣಿ ಗಿರಾಕಿಗೇ ಶಿಕ್ಷೆ. ಗಿರಾಕಿ ಕುಳಿತ ಮೇಲೆ ಮಟಕಿ ಬೇಯಿಸಲು ಇಡುವ ಮಿಸಳ್ ಅಂಗಡಿ ಕೊಲ್ಲಾಪುರದಲ್ಲಿ ಒಂದು ವಾರ ನಡೆದೀತೆ? ಅಲ್ಲಿ ಬೆಳಗಾಗುವ ಮೊದಲೇ ಪಾತೇಲಿಯಲ್ಲಿ ಕಟ ಕುದಿಯುತ್ತಿರುತ್ತದೆ. ಗಿರಾಕಿಯ ಮುಂದೆ ಫರಸಾಣ, ಈರುಳ್ಳಿ ಉದುರಿಸುವುದಷ್ಟೇ ಬಾಕಿ. ಹಾಗೆ ಪುಟಗಳನ್ನೆಲ್ಲ ಮುಂಚೆಯೇ ಬೇಯಿಸಿಡುವ ‘ಎಎಸ್‌ಪಿ ನೆಟ್ ಕಂಪೈಲರ್’ ಎಂಬ ಕಮಾಂಡ್ ಲೈನಿನ ಸಾಧನ 2005ರಲ್ಲಿ ಡಾಟ್ ನೆಟ್ಟಿನ ಎರಡನೇ ಆವೃತ್ತಿಯ ಜೊತೆ ಬಂತು. ಅದಕ್ಕೆ ಮೊದಲು ಗೆಳೆಯ ರಾತ್ರಿ ಹನ್ನೊಂದಕ್ಕೆ ತಾನೇ ಕುಳಿತು ಒಂದೊಂದೇ ಪುಟ ತೆರೆದು ಬೋಣಿ ಮಾಡುತ್ತಿದ್ದ.

ಈ ಸಾಧನ ಕೈಗೆ ಬಂದದ್ದೇ ಅವನಿಗೆ ಇನ್ನೊಂದು ಆಸೆ ಹುಟ್ಟಿತು. ಪುಟದಲ್ಲೇ ಒಂದು ಗುಂಡಿ, ಒತ್ತಿದರೆ ಉಳಿದ ಪುಟಗಳೆಲ್ಲ ಕಂಪೈಲ್. ಮಾಡಿ ತೋರಿಸಿದ. ನನಗೆ ಅದು ಸೇರಲಿಲ್ಲ. ಹಾಗೆ ಮಾಡಬೇಕಾದರೆ ವೆಬ್ ಸರ್ವರಿಗೆ ತನ್ನ ಪುಟಗಳನ್ನು ತಾನೇ ತಿದ್ದುವ ಅಧಿಕಾರ ಕೊಡಬೇಕು. ನಾಳೆ ಕಳ್ಳನೊಬ್ಬ ಒಳಗೆ ಬಂದರೆ ಆ ಅಧಿಕಾರ ಅವನದೂ ಆಗುತ್ತದೆ. ಗುಂಡಿ ಬೇಕೇ ಬೇಕಾದರೆ ಅದು ಒಂದು ಚೀಟಿ ಬರೆದು ಡಬ್ಬಿಗೆ ಹಾಕಲಿ, ಅಷ್ಟೇ. ಬೇರೆ ಖಾತೆಯಲ್ಲಿ ಓಡುವ ಕೆಲಸಗಾರನೊಬ್ಬ ನಿಮಿಷಕ್ಕೊಮ್ಮೆ ಡಬ್ಬಿ ನೋಡಿ ಕಂಪೈಲ್ ಮಾಡಲಿ. ಗೆಳೆಯನಿಗೆ ಇದು ಮುದುಕರ ಮಾತು ಅನ್ನಿಸಿತು. ಇನ್ನೂ ವಾದ ನಡೆದಿದೆ.

ನನ್ನ ಸ್ವಂತ ಪುಟ ಇರುವುದು ಗಡಹಿಂಗ್ಲಜದ ಮನೆಯಲ್ಲಿ. ನಮ್ಮ ಪೇಟೆಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ಮೆಣಸಿನಕಾಯಿಯ ದರ ಬರುವಷ್ಟರಲ್ಲಿ ಮರಾಠಿಯಾಗಿರುತ್ತದೆ. ಲಗ್ನಪತ್ರಿಕೆಗಳೂ ಹಾಗೇ. ಸಂಕೇಶ್ವರದ ಕಡೆಯ ಬೀಗರಿಗೆಂದು ಕನ್ನಡ, ಇತ್ತಲವರಿಗೆ ಮರಾಠಿ, ಒಂದೇ ಹಾಳೆಯಲ್ಲಿ. ಇಂಥ ಹಳೆಯ ಪತ್ರಿಕೆಗಳನ್ನು ಕೂಡಿಹಾಕಿ ಅಕ್ಷರಕ್ಕಿಳಿಸುವುದು ನನ್ನ ಭಾನುವಾರದ ಉದ್ಯೋಗ. ಕೆಲಸ ಮಾಡುವುದು ಚಿತ್ರದಲ್ಲಿನ ಅಕ್ಷರ ಓದುವ ಟೆಸರಾಕ್ಟ್. 1985ರಿಂದ 1994ರವರೆಗೆ ಎಚ್‌ಪಿ ಕಂಪನಿಯಲ್ಲಿ ಬೆಳೆದು, 2005ರಲ್ಲಿ ಎಲ್ಲರಿಗೂ ಮುಕ್ತವಾಗಿ, 2018ರ ನಾಲ್ಕನೇ ಆವೃತ್ತಿಯಲ್ಲಿ ನರಜಾಲದ ವಿದ್ಯೆ ಕಲಿತ ಆಜ್ಞೆ ಅದು. ಭಾಷೆ ಯಾವುದು ಎಂದು ಕೇಳಿದಲ್ಲಿ ‘ಕ್ಯಾನ್ ಪ್ಲಸ್ ಮಾರ್’ ಎಂದು ಕೊಟ್ಟರೆ ಸಾಕು, ಎರಡನ್ನೂ ಓದುತ್ತದೆ. ಯಾವುದನ್ನು ಮೊದಲು ಬರೆಯುತ್ತೇವೆ ಎಂಬುದರ ಮೇಲೆ ಫಲ ಸ್ವಲ್ಪ ಬದಲಾಗುತ್ತದೆ, ಹೊತ್ತೂ ಹೆಚ್ಚು ಹಿಡಿಯುತ್ತದೆ. ನಮ್ಮೂರನ್ನು ಇಷ್ಟು ಚೆನ್ನಾಗಿ ಬಲ್ಲ ಕೂಡಿಸುವ ಚಿಹ್ನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದೇ ಪುಟದಲ್ಲಿ ನನಗೆ ಇನ್ನೊಂದು ಪೆಟ್ಟು ಬಿತ್ತು. ಟರ್ಮಿನಲ್ಲಿನಲ್ಲಿ ಸರಿಯಾಗಿ ಓಡುತ್ತಿದ್ದ ಆಜ್ಞೆ ಪುಟದಿಂದ ಕೊಟ್ಟರೆ ‘ಫೈಲು ಇಲ್ಲ’ ಅನ್ನುತ್ತಿತ್ತು. ಫೈಲಿನ ಹೆಸರು ‘ಹಿರಣ್ಯಕೇಶಿ ಡಾಟ್ ಜೆಪಿಜಿ’, ನಮ್ಮ ಹೊಳೆಯ ಹೆಸರು. ಎರಡು ಸಂಜೆ ಹುಡುಕಿದ ಮೇಲೆ ತಿಳಿಯಿತು, ಆಜ್ಞೆಯ ಕೈಗೆ ತಲುಪುತ್ತಿದ್ದದ್ದು ಬರೀ ‘ಡಾಟ್ ಜೆಪಿಜಿ’. ಹೆಸರನ್ನು ಸುರಕ್ಷಿತವಾಗಿ ಸುತ್ತಿಕೊಡುವ ಪಿಎಚ್‌ಪಿಯ ‘ಎಸ್ಕೇಪ್ ಶೆಲ್ ಆರ್ಗ್’ ಎಂಬುದು, ಸರ್ವರಿನ ಲೊಕೇಲ್, ಅಂದರೆ ಭಾಷೆ-ಲಿಪಿಯ ಹೊಂದಾಣಿಕೆ, ‘ಸಿ’ ಎಂದಿದ್ದರೆ ಇಂಗ್ಲಿಷೇತರ ಅಕ್ಷರಗಳನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ನಾನು ಟರ್ಮಿನಲ್ಲಿನಲ್ಲಿ ಕುಳಿತಾಗ ಲೊಕೇಲ್ ಯುಟಿಎಫ್-8, ಸರ್ವರು ತಾನೇ ಎದ್ದು ಓಡುವಾಗ ‘ಸಿ’. ಮರಾಠಿ ಹೆಸರಿಗೂ ಅದೇ ಗತಿ, ಹಾಗಾಗಿ ಗಡಿ ತಂಟೆಗೆ ಅವಕಾಶವಿರಲಿಲ್ಲ.

ಲೊಕೇಲ್ ತಿದ್ದುವ ಒಂದು ಸಾಲು ಬರೆದು ಬಿಡಬಹುದಿತ್ತು. ಆದರೆ ಇಡೀ ಆಜ್ಞೆಯನ್ನು ಒಂದೇ ಉದ್ದನೆಯ ವಾಕ್ಯವಾಗಿ ಹೊಸೆದು ಆಜ್ಞೆಗಳನ್ನು ಓದಿ ಓಡಿಸುವ ಶೆಲ್ಲಿನ ಕೈಗೆ ಕೊಡುವುದೇ ಕೆಟ್ಟ ರೂಢಿ. ಫೈಲಿನ ಹೆಸರಿನೊಳಗೆ ಯಾರಾದರೂ ಒಂದು ಅರ್ಧವಿರಾಮ ತೂರಿಸಿ, ಅದರಾಚೆ ‘ಎಲ್ಲ ಅಳಿಸು’ ಎಂದು ಬರೆದರೆ, ಶೆಲ್ಲಿಗೆ ಅದು ಎರಡನೆಯ ಆಜ್ಞೆ. ಶೆಲ್ಲಿನ ಭೋಳೇತನ ಎಷ್ಟು ದೂರ ಹೋಗಬಲ್ಲದು ಎಂದು 2014ರ ಸೆಪ್ಟೆಂಬರಿನಲ್ಲಿ ಶೆಲ್‌ಶಾಕ್ ತೋರಿಸಿತು. 1989ರಿಂದ ಬ್ಯಾಶ್ ಎಂಬ ಶೆಲ್ಲಿನೊಳಗೆ ಮಲಗಿದ್ದ ತಪ್ಪೊಂದು, ವೆಬ್ ಪುಟಗಳ ಮೂಲಕವೇ ಹೊರಗಿನವರ ಆಜ್ಞೆ ಓಡಿಸಿತು. ಪಿಎಚ್‌ಪಿಯ 7.4ನೇ ಆವೃತ್ತಿಯಿಂದ, ಅಂದರೆ 2019ರಿಂದ, ಆಜ್ಞೆ ಮತ್ತು ಅದರ ಮಾತುಗಳನ್ನು ಬೇರೆ ಬೇರೆ ಎಳೆಗಳಾಗಿ ಒಂದು ಪಟ್ಟಿಯಲ್ಲಿ ‘ಪ್ರಾಕ್ ಓಪನ್’ಗೆ ಕೊಡಬಹುದು. ನಡುವೆ ಶೆಲ್ಲೇ ಇರುವುದಿಲ್ಲ. ಅರ್ಧವಿರಾಮ ಬರೀ ಅರ್ಧವಿರಾಮ, ಹಿರಣ್ಯಕೇಶಿ ಹಿರಣ್ಯಕೇಶಿಯೇ. ಪೈಥಾನಿನವರಿಗೆ ಈ ಸುಖ ಎಂದಿನಿಂದಲೋ ಇತ್ತು, ಅವರ ಮುಂದೆ ಇದನ್ನು ಹೇಳಿ ಮೆರೆಯುವಂತಿಲ್ಲ.

ಕಾಕಾ ಅವರ ಪುಟವನ್ನೂ ಹಾಗೇ ತಿದ್ದಿದೆ. ಪೈಪಿನ ಬಾಯಿ ಮುಚ್ಚಿದೆ, ಕಾವಲಿನವನನ್ನು ನಿಲ್ಲಿಸಿದೆ. ಕಳೆದ ವಾರ ಹೋದಾಗ ಗುಂಡಿ ಒತ್ತಿದ ಕೈ ಎತ್ತುವ ಮೊದಲೇ ಉತ್ತರ ಬಂತು. ಅವರು ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುಣಿಸಿ, ಭಾಗಿಸಿ, ಹುಬ್ಬು ಗಂಟಿಕ್ಕಿದರು.

‘ಲೆಕ್ಕ ಖರೇ ಐತಿ. ಆದ್ರ ಈಗ ರೇಪಿಯರ್ ಮಗ್ಗ ಬಂದಾವು. ಅರವತ್ತರ ಮ್ಯಾಲಿನ ನೂಲಿಗೆ ಅರ್ಧ ಸಾಲೂದಿಲ್ಲ, ಮುಕ್ಕಾಲು ಹಿಡಿ.’

ಅಲ್ಲೇ ಮೇಜಿನ ಮುಂದೆ ಕುಳಿತು ಮೂಲ ಬರಹ ತೆರೆದೆ. ‘ಅಪ್ಪ ಹೇಳಿದ್ದು’ ಎಂಬ ಸಾಲನ್ನು ಮುಟ್ಟಲಿಲ್ಲ. ಅಂಕಿ ಬದಲಿಸಿ, ಅದರ ಕೆಳಗೆ ‘ಅಪ್ಪ ಮತ್ತೆ ಹೇಳಿದ್ದು’ ಎಂದು ಬರೆದು ಜಿಸಿಸಿಗೆ ಕೊಟ್ಟೆ. ತಪ್ಪಿಲ್ಲದಿದ್ದರೆ ಅದು ತುಟಿ ಬಿಚ್ಚುವುದಿಲ್ಲ, ಖಾಲಿ ಸಾಲೊಂದು ಮಿನುಗಿತು.

‘ಏನೂ ಬರಲಿಲ್ಲಲ್ಲೋ. ಆತೇನು?’

‘ಆತ್ರೀ ಕಾಕಾ.’