ತೆರೆಯ ಮೇಲಿನ ತ್ರಿಭುಜ

ಆಸ್ಟ್ರಿಯದ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ರಚಿಸತೊಡಗಿದ ಜಿಯೋಜಿಬ್ರಾ ತಂತ್ರಾಂಶವನ್ನು, 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯು ಕರ್ನಾಟಕದ ಗಣಿತಾಧ್ಯಾಪಕರಿಗೆ ಪರಿಚಯಿಸಿತು. ಉಚಿತವಾಗಿ ದೊರೆಯುವ, ಒಮ್ಮೆ ಗಣಕದಲ್ಲಿ ಅಳವಡಿಸಿದ ಮೇಲೆ ಅಂತರ್ಜಾಲವನ್ನು ಬೇಡದ ಈ ಸಾಧನವು ಹಾಸನದ ಶಾಲೆಗೆ ಒದಗುವಂತೆಯೇ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿಯ ಶಾಲೆಗೂ ಒದಗಬಲ್ಲದು. ಕರಿಹಲಗೆಯ ಮೇಲೆ ಬರೆದ ತ್ರಿಭುಜ ಒಂದೇ. ತೆರೆಯ ಮೇಲೆ ಶೃಂಗವನ್ನು ಎಳೆದಂತೆಲ್ಲ ಹೊಸ ತ್ರಿಭುಜ. ಇದು ಸಣ್ಣ ಲಾಭವಲ್ಲ.

ತೊಡಕೂ ಇಲ್ಲಿಯೇ ಇದೆ. ಹೇಗೆ ಎಳೆದರೂ ಕೋನಗಳ ಮೊತ್ತ 180 ಡಿಗ್ರಿಯೆಂದು ಕಂಡ ವಿದ್ಯಾರ್ಥಿಯು ಇನ್ನು ಸಾಧನೆಯೇತಕ್ಕೆ ಎಂದು ಕೇಳುತ್ತಾನೆ. ಕೇಳುವುದು ನ್ಯಾಯವೇ. ಆಗ ತೆರೆಯ ಮೇಲಿನ ಅಂಕಿಗಳನ್ನು ಕಾಗದದಲ್ಲಿ ಕೂಡಿಸಹೇಳಬೇಕು. 60.004, 60.004, 59.992 ಡಿಗ್ರಿಯ ಕೋನಗಳು ಎರಡು ದಶಮಾಂಶ ಸ್ಥಾನಗಳಲ್ಲಿ 60.00, 60.00, 59.99 ಎಂದು ತೋರುತ್ತವೆ, ಮೊತ್ತ 179.99! ಯಂತ್ರದ ಅಳತೆಯೂ ಕೋನಮಾಪಕದ ಅಳತೆಯಂತೆ ಅಳತೆ ಮಾತ್ರ. ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ರೇಖೆಯೆಳೆದು ಪರ್ಯಾಯ ಕೋನಗಳನ್ನು ಗುರುತಿಸಿದವನಿಗೆ 180 ಏಕೆಂಬುದು ತಿಳಿಯುತ್ತದೆ. ಚಿತ್ರವನ್ನು ಆಡಿಸುವಲ್ಲಿಗೇ ಮುಗಿಯುವ ಪಾಠವು, ನಮ್ಮ ಮತದಲ್ಲಿ, ಬರಿಯ ಪ್ರದರ್ಶನ. ಸಮಾಂತರ ರೇಖೆಯನ್ನೆಳೆಯುವ ಸಲಕರಣೆ ಜಿಯೋಜಿಬ್ರಾದಲ್ಲಿಯೂ ಉಂಟು. ಎಲ್ಲಿ ಎಳೆಯಬೇಕೆಂಬುದನ್ನು ವಿದ್ಯಾರ್ಥಿಯೇ ಯೋಚಿಸಬೇಕು, ಅದಕ್ಕೆ ಬೇಕಾದ ಹತ್ತು ನಿಮಿಷಗಳನ್ನು ಅಧ್ಯಾಪಕರು ತರಗತಿಯಲ್ಲಿ ಉಳಿಸಿಕೊಡಬೇಕು.